ಫಿಲ್ಮಿನಿಂದ ಡಿಜಿಟಲ್‌ಗೆ: ಚಲನಚಿತ್ರ ಛಾಯಾಗ್ರಹಣದ ಪಲ್ಲಟ

ಚಲನಚಿತ್ರದ ದೃಶ್ಯಗಳನ್ನು ರಾಸಾಯನಿಕ ಲೇಪವಿರುವ ಫಿಲ್ಮಿನ ಮೇಲೆ ಮೂಡಿಸುವ ಬದಲು, ಬೆಳಕಿಗೆ ಸ್ಪಂದಿಸುವ ಇಲೆಕ್ಟ್ರಾನಿಕ್ ಸೆನ್ಸರಿನ ಮೂಲಕ ಅಂಕಿಗಳಾಗಿ ದಾಖಲಿಸುವ ಪದ್ಧತಿಯೇ ಡಿಜಿಟಲ್ ಛಾಯಾಗ್ರಹಣ. 1890ರ ದಶಕದಿಂದ ನೂರು ವರ್ಷಕ್ಕೂ ಮೀರಿ ಚಿತ್ರರಂಗದ ಪ್ರಧಾನ ಮಾಧ್ಯಮವಾಗಿದ್ದ ಫಿಲ್ಮು 2000ರಿಂದ 2013ರವರೆಗಿನ ಕಿರು ಅವಧಿಯಲ್ಲಿ ಬಹುತೇಕ ಬಳಕೆ ತಪ್ಪಿತು. ಈ ಪಲ್ಲಟ ಕ್ಯಾಮೆರಾದಿಂದ ಶುರುವಾದದ್ದೆಂದು ಹಲವರು ಭಾವಿಸುತ್ತಾರೆ. ಇತಿಹಾಸ ಬೇರೆಯೇ ಇದೆ. ಮೊದಲು ಡಿಜಿಟಲ್ ಆದದ್ದು ಸಂಕಲನ, ಬಳಿಕ ಬಣ್ಣ ತಿದ್ದುವ ಕೆಲಸ. ಕ್ಯಾಮೆರಾದ ಸರದಿ ಆಮೇಲೆ ಬಂತು. ಚಿತ್ರಮಂದಿರದ ಪ್ರೊಜೆಕ್ಟರ್ ಬದಲಾದಾಗ ಫಿಲ್ಮಿನ ಆರ್ಥಿಕ ಬುನಾದಿಯೇ ಕುಸಿಯಿತು. ಕೊನೆಯ ಕೊಂಡಿಯಾದ ಸಂರಕ್ಷಣೆ ಮಾತ್ರ ಇಂದಿಗೂ ಬಗೆಹರಿಯದೆ ಉಳಿದಿದೆ.

ಫಿಲ್ಮಿನ ಕಾರ್ಯವಿಧಾನ

ಫಿಲ್ಮು ಎಂದರೆ ಪಾರದರ್ಶಕ ಪಟ್ಟಿಯ ಮೇಲೆ ಜೆಲಟಿನ್‌ನಲ್ಲಿ ಬೆರೆಸಿ ಬಳಿದ ಬೆಳ್ಳಿಯ ಹ್ಯಾಲೈಡ್ ಹರಳುಗಳ ಲೇಪ. ಬೆಳಕು ತಾಗಿದ ಹರಳುಗಳು ಡೆವಲಪರ್ ದ್ರಾವಣದಲ್ಲಿ ಲೋಹದ ಬೆಳ್ಳಿಯಾಗಿ ಕಪ್ಪಾಗುತ್ತವೆ. ಬಣ್ಣದ ಫಿಲ್ಮಿನಲ್ಲಿ ಕೆಂಪು, ಹಸಿರು, ನೀಲಿ ಬೆಳಕಿಗೆ ಸ್ಪಂದಿಸುವ ಪದರಗಳು ಒಂದರ ಮೇಲೊಂದು ಇರುತ್ತವೆ. ಸಂಸ್ಕರಣೆ ಮುಗಿಯುವ ಹೊತ್ತಿಗೆ ಬೆಳ್ಳಿ ತೊಳೆದುಹೋಗಿ ವರ್ಣದ್ರವ್ಯವಷ್ಟೇ ಉಳಿಯುತ್ತದೆ. ಹರಳುಗಳ ಗಾತ್ರ ಒಂದೇ ಸಮ ಇರುವುದಿಲ್ಲ, ಅವು ಸಾಲಾಗಿ ಕೂತಿರುವುದೂ ಇಲ್ಲ. ಪ್ರತಿ ಚೌಕಟ್ಟಿನಲ್ಲೂ ಜೋಡಣೆ ಬೇರೆಯಾದ್ದರಿಂದ ತೆರೆಯ ಮೇಲೆ ಸಣ್ಣಗೆ ಮಿಡಿಯುವ ಕಣರಚನೆ ಕಾಣುತ್ತದೆ. ಛಾಯಾಗ್ರಾಹಕರು ಇದನ್ನೇ ಗ್ರೇನ್ ಎನ್ನುತ್ತಾರೆ. ತೀರ ಪ್ರಖರವಾದ ಬೆಳಕು ಬಿದ್ದಾಗಲೂ ಫಿಲ್ಮು ಥಟ್ಟನೆ ಬಿಳಿಚಿಕೊಳ್ಳುವುದಿಲ್ಲ. ವಿವರಗಳು ಮೆಲ್ಲಗೆ ಕರಗುತ್ತವೆ. ಕಿಟಕಿಯ ಬಿಸಿಲು, ಬೆವರಿದ ಹಣೆಯ ಹೊಳಪು, ದೀಪದ ಸುತ್ತಲಿನ ಪ್ರಭೆ ಫಿಲ್ಮಿನಲ್ಲಿ ಹಿತವಾಗಿ ಕಾಣುವುದಕ್ಕೆ ಇದೇ ಕಾರಣ.

35 ಎಂಎಂ ಫಿಲ್ಮು ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ ಓಡಿದರೆ ನಿಮಿಷಕ್ಕೆ 90 ಅಡಿ ಖರ್ಚಾಗುತ್ತದೆ. ಒಂದು ಸಾವಿರ ಅಡಿಯ ಸುರುಳಿ ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ಹಿಂದಿನ ಚಿತ್ರೀಕರಣದ ಶಿಸ್ತೆಲ್ಲ ಈ ಲೆಕ್ಕದ ಮೇಲೆಯೇ ನಿಂತಿತ್ತು. ಕ್ಯಾಮೆರಾ ಓಡತೊಡಗಿದರೆ ದುಡ್ಡು ಓಡಿದಂತೆಯೇ. ಹಾಗಾಗಿ ತಾಲೀಮು ಹೆಚ್ಚು, ಟೇಕ್ ಕಡಿಮೆ. ಚಿತ್ರಿಸಿದ ನೆಗೆಟಿವ್ ಲ್ಯಾಬ್‌ಗೆ ಹೋಗಿ, ತೊಳೆದು, ರಷಸ್ ಪ್ರಿಂಟಾಗಿ ಮರಳುವವರೆಗೆ ಏನು ಮೂಡಿದೆ ಎಂಬುದು ಯಾರಿಗೂ ಖಚಿತವಿರುತ್ತಿರಲಿಲ್ಲ. ಮೀಟರ್ ಹಿಡಿದು ಬೆಳಕು ಅಳೆದ ಛಾಯಾಗ್ರಾಹಕನ ಅನುಭವವೇ ಇಡೀ ತಂಡಕ್ಕೆ ಭರವಸೆಯಾಗಿತ್ತು.

ಸೆನ್ಸರಿನ ಕಾರ್ಯವಿಧಾನ

ಡಿಜಿಟಲ್ ಕ್ಯಾಮೆರಾದಲ್ಲಿ ಮಸೂರದ ಹಿಂದೆ ಸಿಲಿಕಾನ್ ಸೆನ್ಸರ್ ಇರುತ್ತದೆ. ಅದರ ಲಕ್ಷಾಂತರ ಬಿಂದುಗಳಲ್ಲಿ ಪ್ರತಿಯೊಂದೂ ತನ್ನ ಮೇಲೆ ಬಿದ್ದ ಬೆಳಕಿಗೆ ತಕ್ಕಷ್ಟು ವಿದ್ಯುದಾವೇಶ ಸಂಗ್ರಹಿಸುತ್ತದೆ. ಆ ಆವೇಶವನ್ನು ಅಳೆದು ಅಂಕಿಯಾಗಿಸಲಾಗುತ್ತದೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ ಸಿಸಿಡಿ ಈ ವಿದ್ಯೆಯ ಮೊದಲ ಮೆಟ್ಟಿಲು. ಅದಕ್ಕಾಗಿ ಅವರಿಗೆ 2009ರಲ್ಲಿ ಭೌತವಿಜ್ಞಾನದ ನೊಬೆಲ್ ಸಂದಿತು. 1990ರ ದಶಕದಲ್ಲಿ ನಾಸಾದ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿಯಲ್ಲಿ ಎರಿಕ್ ಫಾಸಮ್ ಮತ್ತು ಸಂಗಡಿಗರು ಬೆಳೆಸಿದ ಸಿಮಾಸ್ ಸೆನ್ಸರ್ ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡುತ್ತಿತ್ತು. ಇಂದಿನ ಸಿನಿಮಾ ಕ್ಯಾಮೆರಾಗಳು ಬಹುತೇಕ ಇದೇ ಜಾತಿಯವು.

ಸೆನ್ಸರಿಗೆ ಸ್ವತಃ ಬಣ್ಣ ಗೊತ್ತಾಗುವುದಿಲ್ಲ. ಪ್ರತಿ ಬಿಂದುವಿನ ಮೇಲೂ ಕೆಂಪು, ಹಸಿರು ಅಥವಾ ನೀಲಿ ಸೋಸುಗವನ್ನು ಕೂರಿಸಿ, ಅಕ್ಕಪಕ್ಕದ ಬಿಂದುಗಳ ಮಾಹಿತಿಯಿಂದ ಪೂರ್ಣ ಬಣ್ಣವನ್ನು ಲೆಕ್ಕಹಾಕಲಾಗುತ್ತದೆ. ಮನುಷ್ಯನ ಕಣ್ಣು ಹಸಿರಿಗೆ ಹೆಚ್ಚು ಸೂಕ್ಷ್ಮವಾದ್ದರಿಂದ ಅರ್ಧದಷ್ಟು ಬಿಂದುಗಳು ಹಸಿರಿಗೇ ಮೀಸಲು. ಕೊಡಾಕ್ ಕಂಪನಿಯ ವಿಜ್ಞಾನಿ ಬ್ರೈಸ್ ಬೇಯರ್ ರೂಪಿಸಿದ ಈ ವಿನ್ಯಾಸಕ್ಕೆ 1976ರಲ್ಲಿ ಪೇಟೆಂಟ್ ದೊರೆಯಿತು. ಅದೇ ಕಂಪನಿಯ ಸ್ಟೀವನ್ ಸ್ಯಾಸನ್ 1975ರಲ್ಲೇ ಡಿಜಿಟಲ್ ಸ್ಥಿರಚಿತ್ರ ಕ್ಯಾಮೆರಾವೊಂದನ್ನು ಕಟ್ಟಿದ್ದರು. ಅದು ಅಡ್ಡಲಾಗಿ 100, ಉದ್ದಕ್ಕೆ 100 ಬಿಂದುಗಳ ಚಿತ್ರವೊಂದನ್ನು ಕ್ಯಾಸೆಟ್ ಟೇಪಿಗೆ ಬರೆಯಲು 23 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಫಿಲ್ಮ್ ತಯಾರಿಕೆಯ ದೊಡ್ಡ ಮನೆತನದೊಳಗೇ ಅದರ ಉತ್ತರಾಧಿಕಾರಿಯೂ ಹುಟ್ಟಿತ್ತು.

ಮೊದಲ ಹೆಜ್ಜೆಗಳು

ಟೆಲಿವಿಷನ್‌ಗಾಗಿ ಬಂದ ವಿಡಿಯೊ ತಂತ್ರವನ್ನು ಸಿನಿಮಾಕ್ಕೆ ಒಗ್ಗಿಸುವ ಯತ್ನಗಳು 1980ರ ದಶಕದಲ್ಲೇ ನಡೆದವು. ಸೋನಿಯ ಅನಲಾಗ್ ಹೈ-ಡೆಫಿನಿಷನ್ ವ್ಯವಸ್ಥೆಯಲ್ಲಿ ಚಿತ್ರಿತವಾದ ಇಟಲಿಯ ‘ಜೂಲಿಯಾ ಆ್ಯಂಡ್ ಜೂಲಿಯಾ’ (1987) ಅಂಥದೊಂದು. ಆದರೆ ವಿಡಿಯೊದ ಚಲನೆಯ ಗತಿಯೇ ಬೇರೆ. ಸಿನಿಮಾ ನೋಡುಗರ ಕಣ್ಣು ಅದನ್ನು ಒಪ್ಪಲಿಲ್ಲ.

ಬದಲಾವಣೆ ಗಟ್ಟಿಯಾಗಿ ಕಾಲೂರಿದ್ದು ಸಂಕಲನದ ಮೇಜಿನ ಮೇಲೆ. ನೆಗೆಟಿವ್‌ನ ಪ್ರತಿಯನ್ನು ಕತ್ತರಿಸಿ ಅಂಟಿಸುತ್ತಿದ್ದ ಮೂವಿಯೋಲಾ, ಸ್ಟೀನ್‌ಬೆಕ್ ಯಂತ್ರಗಳ ಜಾಗಕ್ಕೆ 1990ರ ದಶಕದಲ್ಲಿ ಎವಿಡ್‌ನಂಥ ಕಂಪ್ಯೂಟರ್ ವ್ಯವಸ್ಥೆಗಳು ಬಂದವು. ವಾಲ್ಟರ್ ಮರ್ಚ್ ಸಂಕಲಿಸಿದ ‘ದಿ ಇಂಗ್ಲಿಷ್ ಪೇಷಂಟ್’ (1996) ಡಿಜಿಟಲ್ ಸಂಕಲನದಿಂದ ಆಸ್ಕರ್ ಪಡೆದ ಮೊದಲ ಚಿತ್ರ.

ಎರಡನೆಯ ಹೆಜ್ಜೆ ಬಣ್ಣದ್ದು. ಕೋಯೆನ್ ಸಹೋದರರ ‘ಓ ಬ್ರದರ್, ವೇರ್ ಆರ್ಟ್ ದೌ?’ (2000) ಚಿತ್ರಕ್ಕೆ ಮಿಸಿಸಿಪ್ಪಿಯ ಭೂಮಿ ಒಣಗಿ ಧೂಳು ಹಿಡಿದಂತೆ ಕಾಣಬೇಕಿತ್ತು. ಚಿತ್ರೀಕರಣದ ಹೊತ್ತಿಗೆ ಅಲ್ಲಿ ಕಣ್ಣು ಕುಕ್ಕುವ ಹಸಿರು. ಲ್ಯಾಬ್‌ನ ರಾಸಾಯನಿಕ ವಿಧಾನಗಳಿಂದ ಆ ಪರಿಣಾಮ ದಕ್ಕಲಿಲ್ಲ. ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಇಡೀ ನೆಗೆಟಿವ್ ಅನ್ನು ಸ್ಕ್ಯಾನ್ ಮಾಡಿಸಿ, ಎಲೆಗಳ ಹಸಿರನ್ನು ಕಂಪ್ಯೂಟರಿನಲ್ಲಿ ಒಣ ಹೊಂಬಣ್ಣಕ್ಕೆ ತಿರುಗಿಸಿ, ಮತ್ತೆ ಫಿಲ್ಮಿಗೆ ಇಳಿಸಿದರು. ಡಿಜಿಟಲ್ ಇಂಟರ್‌ಮೀಡಿಯೆಟ್ ಎಂದು ಹೆಸರಾದ ಈ ಕ್ರಮ ಕೆಲವೇ ವರ್ಷಗಳಲ್ಲಿ ವಾಡಿಕೆಯಾಯಿತು. ಚಿತ್ರಿಸುವುದು ಫಿಲ್ಮಿನಲ್ಲಿ, ತೋರಿಸುವುದೂ ಫಿಲ್ಮಿನಲ್ಲಿ, ನಡುವಿನದೆಲ್ಲ ಅಂಕಿಗಳಲ್ಲಿ ಎಂಬ ಸ್ಥಿತಿ ಬಂದಾಗ, ಎರಡು ತುದಿಗಳೂ ಬದಲಾಗುವುದು ಕಾಲದ ಪ್ರಶ್ನೆಯಷ್ಟೇ ಆಗಿತ್ತು.

ಕ್ಯಾಮೆರಾದ ಸರದಿ

ಡೆನ್ಮಾರ್ಕ್‌ನ ಡಾಗ್ಮೆ 95 ಚಳವಳಿಯ ನಿರ್ದೇಶಕರು ಸಣ್ಣ ಹ್ಯಾಂಡಿಕ್ಯಾಮ್‌ಗಳನ್ನು ಅಳುಕಿಲ್ಲದೆ ಬಳಸಿದರು. ಥಾಮಸ್ ವಿಂಟರ್‌ಬರ್ಗ್‌ರ ‘ಫೆಸ್ಟೆನ್’ (1998) ಚಿತ್ರವನ್ನು ಆಂಥೊನಿ ಡಾಡ್ ಮ್ಯಾಂಟಲ್ ಮಿನಿ ಡಿವಿ ಕ್ಯಾಮೆರಾದಲ್ಲಿ ಸೆರೆಹಿಡಿದರು. ಚಿತ್ರದ ಒರಟುತನ ಕುಟುಂಬವೊಂದರ ಕರಾಳ ಸತ್ಯ ಬಯಲಾಗುವ ಕಥೆಗೆ ಹೊಂದಿಕೊಂಡಿತು.

ಉದ್ಯಮದ ಮಟ್ಟದಲ್ಲಿ ದಾರಿ ತೆರೆದವರು ಜಾರ್ಜ್ ಲ್ಯೂಕಸ್. ಸೆಕೆಂಡಿಗೆ 24 ಪೂರ್ಣ ಚೌಕಟ್ಟುಗಳನ್ನು ದಾಖಲಿಸಬಲ್ಲ ಸೋನಿ ಎಚ್‌ಡಿಡಬ್ಲ್ಯು-ಎಫ್900 ಕ್ಯಾಮೆರಾ ಬಳಸಿ ಅವರು ‘ಸ್ಟಾರ್ ವಾರ್ಸ್: ಅಟ್ಯಾಕ್ ಆಫ್ ದಿ ಕ್ಲೋನ್ಸ್’ (2002) ತೆಗೆದರು. ಅದೇ ವರ್ಷ ರಷ್ಯಾದ ಅಲೆಕ್ಸಾಂಡರ್ ಸೊಕುರೊವ್ ‘ರಷ್ಯನ್ ಆರ್ಕ್’ ಚಿತ್ರವನ್ನು ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟಾಜ್ ಅರಮನೆಯಲ್ಲಿ ಒಂದೇ ಟೇಕ್‌ನಲ್ಲಿ ಮುಗಿಸಿದರು. 96 ನಿಮಿಷ ಕಡಿಯದೆ ಹರಿಯುವ ಆ ಚಿತ್ರ ಹಾರ್ಡ್ ಡಿಸ್ಕಿಗೆ ದಾಖಲಾಯಿತು. ಹನ್ನೊಂದು ನಿಮಿಷದ ಸುರುಳಿಯಲ್ಲಿ ಅದು ಸಾಧ್ಯವೇ ಇರಲಿಲ್ಲ. ಮೈಕಲ್ ಮ್ಯಾನ್‌ರ ‘ಕೊಲ್ಯಾಟರಲ್’ (2004) ಇನ್ನೊಂದು ಗುಣವನ್ನು ಮುಂದಿಟ್ಟಿತು. ಲಾಸ್ ಏಂಜಲಿಸ್‌ನ ರಾತ್ರಿ, ಬೀದಿದೀಪಗಳ ಬೆಳಕು ಹರಡಿದ ಆಕಾಶ, ದೂರದ ಕಟ್ಟಡಗಳ ಆಕಾರ ಎಲ್ಲವೂ ಅಲ್ಲಿ ಕಣ್ಣಿಗೆ ಕಂಡಂತೆ ಮೂಡಿದವು. ಫಿಲ್ಮಿನಲ್ಲಾಗಿದ್ದರೆ ಕತ್ತಲಲ್ಲಿ ಮುಳುಗಿಹೋಗುತ್ತಿದ್ದ ವಿವರಗಳವು.

ಈ ಆರಂಭದ ಕ್ಯಾಮೆರಾಗಳಿಗೆ ಮಿತಿಗಳಿದ್ದವು. ಸೆನ್ಸರ್ ಚಿಕ್ಕದಾದ್ದರಿಂದ ಹಿನ್ನೆಲೆಯೆಲ್ಲ ಚೂಪಾಗಿ ಕಂಡು ಚಿತ್ರಕ್ಕೆ ಟೀವಿಯ ಛಾಯೆ ಬರುತ್ತಿತ್ತು; ಬಿಸಿಲಿನ ವಿವರಗಳು ಬಿಳಿಚಿಕೊಳ್ಳುತ್ತಿದ್ದವು. 2007ರಲ್ಲಿ ಬಂದ ರೆಡ್ ಒನ್ ಕ್ಯಾಮೆರಾ 35 ಎಂಎಂ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರನ್ನೂ 4ಕೆ (ಅಡ್ಡಲಾಗಿ ಸುಮಾರು ನಾಲ್ಕು ಸಾವಿರ ಬಿಂದುಗಳ) ದಾಖಲಾತಿಯನ್ನೂ 17,500 ಡಾಲರ್‌ಗಳ ಬೆಲೆಗೆ ಕೊಟ್ಟಿತು. 2008ರ ಕೆನಾನ್ 5ಡಿ ಮಾರ್ಕ್ 2 ಸ್ಥಿರಚಿತ್ರ ಕ್ಯಾಮೆರಾವೇ ಆದರೂ, ಅದರ ವಿಡಿಯೊ ಸೌಲಭ್ಯ ಸಣ್ಣ ಬಂಡವಾಳದವರ ಕೈಗೆ ದೊಡ್ಡ ಸೆನ್ಸರ್ ಇತ್ತಿತು.

ಛಾಯಾಗ್ರಾಹಕರ ಮನಸ್ಸು ಗೆದ್ದದ್ದು ಜರ್ಮನಿಯ ಮ್ಯೂನಿಕ್ ನಗರದ ಆರಿ ಕಂಪನಿಯ ಅಲೆಕ್ಸಾ (2010). 1917ರಿಂದ ಫಿಲ್ಮ್ ಉಪಕರಣಗಳನ್ನು ಮಾಡಿಕೊಂಡು ಬಂದ ಕಂಪನಿಗೆ ಫಿಲ್ಮು ಬೆಳಕನ್ನು ಹೇಗೆ ಹಿಡಿಯುತ್ತದೆಂಬ ತಿಳಿವಳಿಕೆ ಇತ್ತು. ಅಲೆಕ್ಸಾ ಸುಮಾರು 14 ಸ್ಟಾಪ್‌ಗಳಷ್ಟು ಬೆಳಕಿನ ವ್ಯಾಪ್ತಿಯನ್ನು ಹಿಡಿಯುತ್ತಿತ್ತು. ಪ್ರಖರ ಬೆಳಕಿನಿಂದ ಗಾಢ ನೆರಳಿನವರೆಗಿನ ವಿವರಗಳು ಒಂದೇ ಚೌಕಟ್ಟಿನಲ್ಲಿ ಉಳಿಯುತ್ತಿದ್ದವು, ಮುಖದ ಬಣ್ಣ ಸಹಜವಾಗಿರುತ್ತಿತ್ತು. ಡೀಕಿನ್ಸ್ ಅವರೇ ‘ಇನ್ ಟೈಮ್’ (2011) ಚಿತ್ರದಿಂದ ಅಲೆಕ್ಸಾಕ್ಕೆ ಬಂದರು. 2011ರ ಹೊತ್ತಿಗೆ ಆರಿ, ಪ್ಯಾನಾವಿಷನ್, ಆಟೋನ್ ಮೂರೂ ಕಂಪನಿಗಳು ಹೊಸ ಫಿಲ್ಮ್ ಕ್ಯಾಮೆರಾ ತಯಾರಿಕೆಯನ್ನು ನಿಲ್ಲಿಸಿದ್ದವು.

ಚಿತ್ರಮಂದಿರದ ಬದಲಾವಣೆ

ಫಿಲ್ಮು ಹಿಂದೆ ಸರಿಯಲು ಚಿತ್ರದ ಗುಣಮಟ್ಟಕ್ಕಿಂತ ಪ್ರಿಂಟುಗಳ ಖರ್ಚು ದೊಡ್ಡ ಕಾರಣ. ಎರಡೂವರೆ ಗಂಟೆಯ ಒಂದು ಸಿನಿಮಾದ ಒಂದು ಪ್ರಿಂಟಿಗೆ 13,500 ಅಡಿ ಫಿಲ್ಮು ಬೇಕು. ಸಾವಿರಾರು ಪರದೆಗಳಿಗೆ ಒಂದೇ ದಿನ ಬಿಡುಗಡೆ ಮಾಡುವ ಸಂಸ್ಥೆಗೆ ಪ್ರಿಂಟು, ಸಾಗಣೆ, ಮರಳಿ ಸಂಗ್ರಹಣೆಯ ವೆಚ್ಚ ಅಪಾರ. ಕಚ್ಚಾ ಫಿಲ್ಮ್ ಕಾರ್ಖಾನೆಗಳ ಆದಾಯದ ಬಹುಭಾಗವೂ ಕ್ಯಾಮೆರಾ ನೆಗೆಟಿವ್‌ಗಿಂತ ಈ ಪ್ರಿಂಟುಗಳಿಂದಲೇ ಬರುತ್ತಿತ್ತು.

1999ರ ಜೂನ್‌ನಲ್ಲಿ ‘ಸ್ಟಾರ್ ವಾರ್ಸ್: ದಿ ಫ್ಯಾಂಟಮ್ ಮೆನೇಸ್’ ಚಿತ್ರವನ್ನು ಅಮೆರಿಕದ ನಾಲ್ಕು ಪರದೆಗಳಲ್ಲಿ ಡಿಜಿಟಲ್ ಪ್ರೊಜೆಕ್ಟರ್‌ಗಳಿಂದ ತೋರಿಸಲಾಯಿತು. 2002ರಲ್ಲಿ ಹಾಲಿವುಡ್‌ನ ಪ್ರಮುಖ ಸ್ಟುಡಿಯೊಗಳು ಡಿಜಿಟಲ್ ಸಿನಿಮಾ ಇನಿಷಿಯೇಟಿವ್ಸ್ ಎಂಬ ಜಂಟಿ ಸಂಸ್ಥೆ ಕಟ್ಟಿ, 2005ರಲ್ಲಿ ಸಾಮಾನ್ಯ ಮಾನದಂಡ ಪ್ರಕಟಿಸಿದವು. 2ಕೆ ಎಂದರೆ ಅಡ್ಡಲಾಗಿ 2048, 4ಕೆ ಎಂದರೆ 4096 ಬಿಂದುಗಳು ಎಂಬುದು ಅಲ್ಲಿ ನಿಗದಿಯಾಯಿತು. ಚಿತ್ರ ಹಾರ್ಡ್ ಡಿಸ್ಕಿನಲ್ಲಿ ಬೀಗ ಹಾಕಿದ ಕಡತವಾಗಿ ಬರುತ್ತದೆ. ನಿಗದಿತ ಅವಧಿಗೆ ಮಾತ್ರ ತೆರೆಯುವ ಡಿಜಿಟಲ್ ಕೀಲಿ ಪ್ರತ್ಯೇಕವಾಗಿ ತಲುಪುತ್ತದೆ. ಪ್ರೊಜೆಕ್ಟರಿನ ಭಾರಿ ಬೆಲೆ ಚಿತ್ರಮಂದಿರದ ಮಾಲೀಕನ ತಲೆಗೆ ಬಿದ್ದರೆ, ಉಳಿತಾಯ ವಿತರಕನಿಗೆ. ಈ ತೊಡಕನ್ನು ಬಿಡಿಸಲು ವಿತರಕರು ಪ್ರತಿ ಚಿತ್ರಕ್ಕೂ ಚಿತ್ರಮಂದಿರಕ್ಕೆ ಶುಲ್ಕ ಕೊಡುವ ವರ್ಚುವಲ್ ಪ್ರಿಂಟ್ ಫೀ ಪದ್ಧತಿ ಬಂತು. ‘ಅವತಾರ್’ (2009) ಚಿತ್ರದ 3ಡಿ ಅಲೆ ಉಳಿದವರನ್ನೂ ಎಳೆದುಕೊಂಡಿತು.

ಪರಿಣಾಮ ಬೇಗನೆ ಗೋಚರಿಸಿತು. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ರಕ್ಷಣೆ ಕೋರಿತು. ಜಪಾನಿನ ಫ್ಯೂಜಿಫಿಲ್ಮ್ 2013ರಲ್ಲಿ ಸಿನಿಮಾ ಫಿಲ್ಮ್ ತಯಾರಿಕೆಯನ್ನೇ ಕೈಬಿಟ್ಟಿತು. 2013ರ ಕೊನೆಗೆ ಬಂದ ‘ದಿ ವುಲ್ಫ್ ಆಫ್ ವಾಲ್ ಸ್ಟ್ರೀಟ್’ ಚಿತ್ರವನ್ನು ಪ್ಯಾರಾಮೌಂಟ್ ಸಂಸ್ಥೆ ಅಮೆರಿಕದಲ್ಲಿ ಸಂಪೂರ್ಣ ಡಿಜಿಟಲ್ ರೂಪದಲ್ಲೇ ಬಿಡುಗಡೆ ಮಾಡಿತು.

ಭಾರತ ಮತ್ತು ಕನ್ನಡ

ಭಾರತದಲ್ಲಿ ಪ್ರದರ್ಶನದ ಬದಲಾವಣೆ ತನ್ನದೇ ಹಾದಿ ಹಿಡಿಯಿತು. ಹಾಲಿವುಡ್ ಮಾನದಂಡದ ಪ್ರೊಜೆಕ್ಟರ್‌ಗಳು ಊರೂರಿನ ಒಂಟಿ ಪರದೆಯ ಟಾಕೀಸುಗಳಿಗೆ ನಿಲುಕುವಂತಿರಲಿಲ್ಲ. ಚೆನ್ನೈನ ರಿಯಲ್ ಇಮೇಜ್ ಸಂಸ್ಥೆಯ ಕ್ಯೂಬ್, ಮುಂಬೈನ ಯುಎಫ್ಒ ಮೂವೀಸ್ ಕಡಿಮೆ ಖರ್ಚಿನ ವ್ಯವಸ್ಥೆಗಳನ್ನು ತಂದವು. ಯುಎಫ್ಒ ಉಪಗ್ರಹದ ಮೂಲಕವೇ ಚಿತ್ರಗಳನ್ನು ತಲುಪಿಸಿತು. ಅದಕ್ಕೆ ಮುಂಚೆ ಬೆರಳೆಣಿಕೆಯ ಪ್ರಿಂಟುಗಳು ಮೊದಲು ದೊಡ್ಡ ನಗರಗಳಲ್ಲಿ ಓಡಿ, ಸವೆದು, ಗೀರುಬಿದ್ದು, ವಾರಗಟ್ಟಲೆ ತಡವಾಗಿ ಬಿ ಮತ್ತು ಸಿ ಸೆಂಟರುಗಳೆನ್ನುವ ಸಣ್ಣ ಊರುಗಳಿಗೆ ಬರುತ್ತಿದ್ದವು. ಒಂದೇ ಪ್ರಿಂಟಿನ ರೀಲು ಡಬ್ಬಿಗಳನ್ನು ಎರಡು ಟಾಕೀಸುಗಳ ನಡುವೆ ಸಾಗಿಸುತ್ತ ಆಟ ನಡೆಸಿದ್ದೂ ಉಂಟು. ಡಿಜಿಟಲ್ ಬಂದ ಮೇಲೆ ಬೆಂಗಳೂರಿನಲ್ಲಿ ಬಿಡುಗಡೆಯಾದ ಚಿತ್ರ ಅದೇ ಶುಕ್ರವಾರ ತಾಲೂಕು ಕೇಂದ್ರದಲ್ಲೂ ಕಲೆಯಿಲ್ಲದೆ ಕಾಣತೊಡಗಿತು. ಹಳ್ಳಿಯ ಪ್ರೇಕ್ಷಕನಿಗೆ ದೊರೆತ ಈ ಸಮಾನತೆ ಸಣ್ಣ ಸಂಗತಿಯಲ್ಲ.

ಚಿತ್ರೀಕರಣದಲ್ಲಿ ಕಮಲ್ ಹಾಸನ್ ಅವರ ‘ಮುಂಬೈ ಎಕ್ಸ್‌ಪ್ರೆಸ್’ (2005) ಆರಂಭಿಕ ಡಿಜಿಟಲ್ ಪ್ರಯೋಗಗಳಲ್ಲೊಂದು. ಅದನ್ನು ನಿರ್ದೇಶಿಸಿದವರು, ಕನ್ನಡಿಗರಿಗೆ ‘ಹಾಲು ಜೇನು’, ‘ಪುಷ್ಪಕ ವಿಮಾನ’ಗಳಿಂದ ಆಪ್ತರಾದ ಸಿಂಗೀತಂ ಶ್ರೀನಿವಾಸರಾವ್. ಮುಂಬೈ ಕೊಳೆಗೇರಿಗಳ ಇಕ್ಕಟ್ಟಿನ ಓಣಿಗಳಲ್ಲಿ ಡಾಡ್ ಮ್ಯಾಂಟಲ್ ಎಸ್ಐ-2ಕೆ ಎಂಬ ಪುಟ್ಟ ಡಿಜಿಟಲ್ ಕ್ಯಾಮೆರಾ ಹಿಡಿದು ಓಡಾಡಿ ತೆಗೆದ ‘ಸ್ಲಮ್‌ಡಾಗ್ ಮಿಲಿಯನೇರ್’ (2008) ಜಗತ್ತಿನ ಗಮನ ಸೆಳೆಯಿತು. ಬಹುಪಾಲು ಡಿಜಿಟಲ್ ಆಗಿ ಚಿತ್ರಿತವಾಗಿ ಛಾಯಾಗ್ರಹಣದ ಆಸ್ಕರ್ ಗೆದ್ದ ಮೊದಲ ಚಿತ್ರ ಅದು.

ಕರ್ನಾಟಕಕ್ಕೆ ಫಿಲ್ಮ್ ಛಾಯಾಗ್ರಹಣದ ಗಟ್ಟಿ ಪರಂಪರೆ ಇದೆ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಈ ವಿದ್ಯೆ ಕಲಿಸುತ್ತಿದ್ದರು. ಅಲ್ಲಿ ಓದಿದ ಮೈಸೂರಿನ ವಿ. ಕೆ. ಮೂರ್ತಿ, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಕಾಗಜ್ ಕೆ ಫೂಲ್’ (1959) ಅನ್ನು ಚಿತ್ರಿಸಿದರು. ಅದರ ಪ್ರಸಿದ್ಧ ಬೆಳಕಿನ ಕೋಲನ್ನು ಅವರು ಕನ್ನಡಿಗಳಿಂದ ಸೂರ್ಯನ ಬೆಳಕನ್ನು ಸ್ಟುಡಿಯೊದೊಳಕ್ಕೆ ಪ್ರತಿಫಲಿಸಿ ಸಾಧಿಸಿದ್ದರು. ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಕನ್ನಡ ಚಿತ್ರಗಳ ನೆಗೆಟಿವ್ ಬಹುಕಾಲ ಹೆಚ್ಚಾಗಿ ಮದ್ರಾಸಿನ ಲ್ಯಾಬ್‌ಗಳಿಗೆ ಹೋಗುತ್ತಿತ್ತು. ಕಚ್ಚಾ ಫಿಲ್ಮಿನ ಬೆಲೆ, ಲ್ಯಾಬ್ ಬಿಲ್ಲು ಎರಡನ್ನೂ ಭರಿಸಲಾರದವರು ಸಿನಿಮಾದ ಆಸೆಯನ್ನೇ ಬಿಡಬೇಕಿತ್ತು.

ಡಿಜಿಟಲ್ ಈ ಬಾಗಿಲನ್ನು ಸಡಿಲಿಸಿತು. ಪವನ್ ಕುಮಾರ್ ಅವರ ‘ಲೂಸಿಯಾ’ (2013) ಪ್ರೇಕ್ಷಕರಿಂದಲೇ ಹಣ ಕೂಡಿಸಿ ತೆಗೆದ ಕನ್ನಡ ಚಿತ್ರ. ರಾಮ್ ರೆಡ್ಡಿ ಅವರ ‘ತಿಥಿ’ (2015) ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ, ನಟನೆಯ ಹಿನ್ನೆಲೆಯಿಲ್ಲದ ಊರವರನ್ನೇ ಇಟ್ಟುಕೊಂಡು ರೂಪುಗೊಂಡು, ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಇಂಥ ಜನರೊಂದಿಗೆ ಕೆಲಸ ಮಾಡುವಾಗ ಫಿಲ್ಮು ಖರ್ಚಾಗುತ್ತಿದೆಯೆಂಬ ಆತಂಕವಿಲ್ಲದೆ ಕ್ಯಾಮೆರಾ ಓಡಿಸುವ ಸ್ವಾತಂತ್ರ್ಯ ಬಹಳ ದೊಡ್ಡದು.

ಕಸುಬಿನಲ್ಲಾದ ಬದಲಾವಣೆ

ಡಿಜಿಟಲ್ ಸೆಟ್ಟಿನಲ್ಲಿ ನಿರ್ದೇಶಕ, ನಿರ್ಮಾಪಕ, ನಟರೆಲ್ಲ ಮಾನಿಟರಿನಲ್ಲಿ ಚಿತ್ರವನ್ನು ಆಗಲೇ ನೋಡುತ್ತಾರೆ. ತಪ್ಪು ತಕ್ಷಣ ತಿಳಿಯುತ್ತದೆ. ಛಾಯಾಗ್ರಾಹಕನೊಬ್ಬನಿಗೇ ಗೊತ್ತಿದ್ದ ಗುಟ್ಟು ಈಗ ಎಲ್ಲರ ಚರ್ಚೆಯ ವಸ್ತು. ಕತ್ತಲ ಚೀಲದೊಳಗೆ ಕೈಯಿಟ್ಟು ಮ್ಯಾಗಜೀನ್‌ಗೆ ಫಿಲ್ಮ್ ತುಂಬುತ್ತಿದ್ದ ಸಹಾಯಕನ ಜಾಗದಲ್ಲಿ, ಮೆಮೊರಿ ಕಾರ್ಡಿನ ಪ್ರತಿ ತೆಗೆದು ದತ್ತಾಂಶ ಕಾಯುವ ಡಿಜಿಟಲ್ ಇಮೇಜಿಂಗ್ ತಂತ್ರಜ್ಞ ಇದ್ದಾನೆ. ಕ್ಯಾಮೆರಾ ದಾಖಲಿಸುವ ಲಾಗ್ ಅಥವಾ ರಾ ಚಿತ್ರ ಮಂಕಾಗಿರುತ್ತದೆ. ಹೆಚ್ಚಿನ ವಿವರ ಉಳಿಸಲು ಬೇಕೆಂದೇ ಹಾಗೆ ಮಾಡಿರುತ್ತಾರೆ. ಅಂತಿಮ ರೂಪ ಗ್ರೇಡಿಂಗ್ ಕೋಣೆಯಲ್ಲಿ ಮೂಡುವುದರಿಂದ ಕಲರಿಸ್ಟ್ ಎಂಬ ಹೊಸ ಸಹಕಲಾವಿದನ ಮಹತ್ವ ಬೆಳೆದಿದೆ.

ದಾಖಲಾಗುವ ದೃಶ್ಯದ ಪ್ರಮಾಣವೂ ಹಿಗ್ಗಿತು. ಜಾರ್ಜ್ ಮಿಲ್ಲರ್ ಅವರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ (2015) ಚಿತ್ರಕ್ಕಾಗಿ ಚಿತ್ರಿಸಿದ್ದು ಸುಮಾರು 480 ಗಂಟೆ, 35 ಎಂಎಂ ಫಿಲ್ಮಿನಲ್ಲಾಗಿದ್ದರೆ ಅದು 26 ಲಕ್ಷ ಅಡಿಗೆ ಹತ್ತಿರ. ಮಾರ್ಗರೆಟ್ ಸಿಕ್ಸೆಲ್ ಆ ರಾಶಿಯಿಂದ ಎರಡು ಗಂಟೆಯ ಚಿತ್ರ ಹೆಣೆದು ಆಸ್ಕರ್ ಪಡೆದರು. ಆಯ್ಕೆಯ ಹೊಣೆ ಚಿತ್ರೀಕರಣದ ಕ್ಷಣದಿಂದ ಸಂಕಲನದ ತಿಂಗಳುಗಳಿಗೆ ವರ್ಗವಾದದ್ದಕ್ಕೆ ಇದು ಸ್ಪಷ್ಟ ಉದಾಹರಣೆ. ಮುಂಚೆಯೇ ಯೋಚಿಸಿ ಚೌಕಟ್ಟು ಕಟ್ಟುವ ಶಿಸ್ತು ಡಿಜಿಟಲ್‌ನಲ್ಲೂ ಸಾಧ್ಯ. ಆದರೆ ಈಗ ಅದನ್ನು ಮಾಧ್ಯಮ ಹೇರುವುದಿಲ್ಲ, ಕಲಾವಿದನೇ ಪಾಲಿಸಬೇಕು.

ಫಿಲ್ಮಿನ ಉಳಿವು

2006ರಿಂದ 2014ರೊಳಗೆ ಕೊಡಾಕ್‌ನ ಸಿನಿಮಾ ಫಿಲ್ಮ್ ಮಾರಾಟ ಶೇ 96ರಷ್ಟು ಕುಸಿಯಿತು. ಕ್ರಿಸ್ಟೊಫರ್ ನೋಲನ್, ಕ್ವೆಂಟಿನ್ ಟ್ಯಾರಂಟಿನೊ, ಜೆ. ಜೆ. ಏಬ್ರಮ್ಸ್ ಮೊದಲಾದ ನಿರ್ದೇಶಕರ ಒತ್ತಾಸೆಯಿಂದ ಹಾಲಿವುಡ್ ಸ್ಟುಡಿಯೊಗಳು ಕೊಡಾಕ್ ಜೊತೆ ಖರೀದಿ ಒಪ್ಪಂದ ಮಾಡಿಕೊಂಡಿದ್ದರಿಂದ ರಾಚೆಸ್ಟರ್‌ನ ಕಾರ್ಖಾನೆ ಉಳಿಯಿತು. ನೋಲನ್‌ರ ‘ಓಪನ್‌ಹೈಮರ್’ (2023) ಚಿತ್ರಕ್ಕೆಂದು ಕೊಡಾಕ್ ಮೊದಲ ಬಾರಿಗೆ 65 ಎಂಎಂ ಅಗಲದ ಕಪ್ಪುಬಿಳುಪು ಫಿಲ್ಮು ತಯಾರಿಸಿತು. ಛಾಯಾಗ್ರಾಹಕ ಹೊಯ್ಟೆ ವಾನ್ ಹೊಯ್ಟೆಮಾ ಆಸ್ಕರ್ ಗೆದ್ದರು. ಎರಡು ಮಾಧ್ಯಮಗಳನ್ನು ಬೆಸೆದವರೂ ಇದ್ದಾರೆ. ಗ್ರೆಗ್ ಫ್ರೇಸರ್ ‘ಡ್ಯೂನ್’ (2021) ಚಿತ್ರವನ್ನು ಡಿಜಿಟಲ್‌ನಲ್ಲಿ ತೆಗೆದು, ಫಿಲ್ಮಿಗೆ ಇಳಿಸಿ, ಮತ್ತೆ ಸ್ಕ್ಯಾನ್ ಮಾಡಿದರು. ಒಂದು ಕಾಲದ ಅನಿವಾರ್ಯ ಇಂದು ಕಲಾವಿದನ ಆಯ್ಕೆಯಾಗಿದೆ.

ಸಂರಕ್ಷಣೆಯ ಪ್ರಶ್ನೆ

ಫಿಲ್ಮು ನಾಶವಾಗದ ವಸ್ತುವೇನಲ್ಲ. ಹಳೆಯ ನೈಟ್ರೇಟ್ ಫಿಲ್ಮಿಗೆ ಬೆಂಕಿಯ ಭಯ. 2003ರಲ್ಲಿ ಪುಣೆಯ ಅಗ್ನಿ ಅನಾಹುತದಲ್ಲಿ ಭಾರತದ ಅಮೂಲ್ಯ ನೈಟ್ರೇಟ್ ಸಂಗ್ರಹ ಸುಟ್ಟುಹೋಯಿತು. ಅಸಿಟೇಟ್ ಫಿಲ್ಮು ಸೆಕೆಯಲ್ಲಿ ಹುಳಿವಾಸನೆ ಹಿಡಿದು ಮುದುಡುತ್ತದೆ. ಎಷ್ಟೋ ಪ್ರಿಂಟುಗಳು ಬೆಳ್ಳಿಯ ಆಸೆಗೆ ಕರಗಿಹೋದವು. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ.

ಆದರೂ ತಂಪಾದ, ಒಣ ಕೋಣೆಯಲ್ಲಿಟ್ಟ ನೆಗೆಟಿವ್ ದಶಕಗಟ್ಟಲೆ ತಾನಾಗಿ ಬಾಳುತ್ತದೆ. ಗಿರೀಶ್ ಕಾಸರವಳ್ಳಿ ನಿರ್ದೇಶಿಸಿ, ಎಸ್. ರಾಮಚಂದ್ರ ಕಪ್ಪುಬಿಳುಪಿನಲ್ಲಿ ಚಿತ್ರಿಸಿದ ‘ಘಟಶ್ರಾದ್ಧ’ (1977) ಇದಕ್ಕೆ ಸಾಕ್ಷಿ. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದ ಮೂಲ ನೆಗೆಟಿವ್‌ನಿಂದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕೋರ್ಸೇಸಿ ಸ್ಥಾಪಿಸಿದ ಫಿಲ್ಮ್ ಫೌಂಡೇಶನ್ ಸಂಸ್ಥೆಗಳು ಅದನ್ನು 4ಕೆಯಲ್ಲಿ ಪುನರುಜ್ಜೀವಗೊಳಿಸಿ, 2024ರ ವೆನಿಸ್ ಉತ್ಸವದಲ್ಲಿ ತೋರಿಸಿದವು. ಫಿಲ್ಮು ಕಾಪಾಡಿದ್ದನ್ನು ಡಿಜಿಟಲ್ ತಂತ್ರ ಹೊಸ ತಲೆಮಾರಿಗೆ ತಲುಪಿಸಿತು. ಎರಡೂ ಮಾಧ್ಯಮಗಳು ಒಂದಕ್ಕೊಂದು ನೆರವಾದ ಸುಂದರ ನಿದರ್ಶನವಿದು.

ಡಿಜಿಟಲ್ ಕಡತಕ್ಕೆ ಆ ಬಗೆಯ ತಾಳಿಕೆಯಿಲ್ಲ. ಹಾರ್ಡ್ ಡಿಸ್ಕುಗಳು ಕೆಡುತ್ತವೆ. ದತ್ತಾಂಶ ಶೇಖರಿಸುವ ಟೇಪಿನ ಎರಡು ಮೂರು ಪೀಳಿಗೆ ದಾಟಿದರೆ ಹೊಸ ಯಂತ್ರ ಹಳೆಯದನ್ನು ಓದುವುದಿಲ್ಲ. ಕಡತದ ಮಾದರಿಗಳೂ ಹಳತಾಗುತ್ತವೆ. ಕೆಲವು ವರ್ಷಗಳಿಗೊಮ್ಮೆ ಎಲ್ಲವನ್ನೂ ಹೊಸ ಮಾಧ್ಯಮಕ್ಕೆ ನಕಲು ಮಾಡುತ್ತಲೇ ಇರಬೇಕು. ಆಸ್ಕರ್ ಅಕಾಡೆಮಿ 2007ರಲ್ಲಿ ಪ್ರಕಟಿಸಿದ ‘ದಿ ಡಿಜಿಟಲ್ ಡಿಲೆಮಾ’ ವರದಿಯ ಪ್ರಕಾರ ಒಂದು ಚಿತ್ರದ ಫಿಲ್ಮ್ ಮೂಲಪ್ರತಿಯನ್ನು ಕಾಪಾಡಲು ವರ್ಷಕ್ಕೆ 1,059 ಡಾಲರ್ ಸಾಕಾದರೆ, 4ಕೆ ಡಿಜಿಟಲ್ ಮೂಲಪ್ರತಿಗೆ 12,514 ಡಾಲರ್ ಬೇಕು. ಶೇಖರಣೆಯ ದರಗಳು ಆಮೇಲೆ ಇಳಿದಿವೆ. ನಿರಂತರ ಆರೈಕೆಯ ಅಗತ್ಯ ಇಳಿದಿಲ್ಲ.

ದೊಡ್ಡ ಸ್ಟುಡಿಯೊಗಳು ಈ ಖರ್ಚನ್ನು ಭರಿಸುತ್ತವೆ. ಅಪಾಯವಿರುವುದು, ಡಿಜಿಟಲ್ ಕೃಪೆಯಿಂದಲೇ ಹುಟ್ಟಿದ ಸಣ್ಣ ಬಂಡವಾಳದ, ಪ್ರಾದೇಶಿಕ ಭಾಷೆಗಳ ಚಿತ್ರಗಳಿಗೆ. ನಿರ್ಮಾಪಕರ ಕಚೇರಿಯ ಒಂದು ಡಿಸ್ಕಿನಲ್ಲಷ್ಟೇ ಇರುವ ಚಿತ್ರ ಆ ಡಿಸ್ಕಿನೊಂದಿಗೇ ಹೋಗುತ್ತದೆ. ಸ್ಟ್ರೀಮಿಂಗ್ ವೇದಿಕೆಯಲ್ಲಿರುವುದು ಕುಗ್ಗಿಸಿದ ಪ್ರತಿ. ಅದನ್ನು ಮೂಲವೆಂದು ನಂಬುವಂತಿಲ್ಲ. ಕುಗ್ಗಿಸದ ಮೂಲಪ್ರತಿಯನ್ನು ಕನಿಷ್ಠ ಎರಡು ಬೇರೆ ಊರುಗಳಲ್ಲಿ ಇಡುವುದು, ಕಾಲಕಾಲಕ್ಕೆ ಪರೀಕ್ಷಿಸಿ ಹೊಸ ಮಾಧ್ಯಮಕ್ಕೆ ದಾಟಿಸುವುದು, ಸಾರ್ವಜನಿಕ ಸಂಗ್ರಹಾಲಯಕ್ಕೆ ಒಂದು ಪ್ರತಿ ಒಪ್ಪಿಸುವುದು, ಈ ವೆಚ್ಚವನ್ನು ಚಿತ್ರದ ಬಜೆಟ್‌ನಲ್ಲೇ ಸೇರಿಸುವುದು ಇಂದಿನ ತುರ್ತು. ಯಾರಾದರೂ ಬೇಕೆಂದೇ ಕಾಪಾಡದಿದ್ದರೆ ಡಿಜಿಟಲ್ ಚಿತ್ರ ಉಳಿಯದು. ಕನ್ನಡದ ಇಪ್ಪತ್ತೊಂದನೆಯ ಶತಮಾನದ ಸಿನಿಮಾ ಮುಂದಿನವರಿಗೆ ಸಿಗಬೇಕಾದರೆ ಆ ಕೆಲಸವನ್ನು ಅದನ್ನು ತೆಗೆದವರೇ, ಅವರ ಕಾಲದಲ್ಲೇ ಶುರುಮಾಡಬೇಕು.